ಅಪ್‌ಡೇಟ್: ಒತ್ತಡದಲ್ಲಿ ಕ್ಯಾಲ್ಸಿಯಂ ಅತಿವಾಹಕವಾಗುವುದೇಕೆ?

ಸಾಮಾನ್ಯ ಒತ್ತಡದಲ್ಲಿ ಅತಿವಾಹಕ (ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಸುವ ವಸ್ತು) ಅಲ್ಲದ ಕ್ಯಾಲ್ಸಿಯಂ, ಬಲವಾಗಿ ಅದುಮಿದಾಗ ಏಕೆ ಹಾಗಾಗುತ್ತದೆ ಎಂದು ಕಳೆದ ವಾರ ಕೇಳಿದ್ದೆ, ಉತ್ತರಿಸಿದವರಿಗೆಲ್ಲ ವಂದನೆಗಳು. ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುತ್ತಿರುವ ನನ್ನ ತಂಗಿಯ ಮಗಳು ಭಾನುವಾರ ಊಟದೆಲೆಯ ಮುಂದೆಯೇ ಉಳಿದದ್ದನ್ನು ಬಿಡಿಸಿ ಹೇಳಿದಳು. ಪರಮಾಣುಗಳು ಒತ್ತೊತ್ತಾದಂತೆ ಎಸ್ ಕಕ್ಷಕದ (ಕಕ್ಷಕವೆಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಇರುವ ನೆಲೆ) ಎಲೆಕ್ಟ್ರಾನುಗಳು ಡಿ ಕಕ್ಷಕದತ್ತ ಸರಿಯುತ್ತವೆ; ಸ್ಫಟಿಕದ ರಚನೆಯೂ ಮತ್ತೆ ಮತ್ತೆ ಬದಲಾಗಿ, ಜಾಲಕದ, ಅಂದರೆ ಸಾಲುಗೂಡಿದ ಪರಮಾಣುಗಳ, ಕಂಪನಗಳೊಡನೆ ಎಲೆಕ್ಟ್ರಾನುಗಳ ನಂಟು ಬಿಗಿಯಾಗುವುದರಿಂದ ಎಲೆಕ್ಟ್ರಾನುಗಳು ಜೋಡಿಗೂಡಿ ತಡೆಯಿಲ್ಲದೆ ಹರಿಯಲು ಸಾಧ್ಯವಾಗುತ್ತದೆ. 161 ಗಿಗಾಪಾಸ್ಕಲ್, ಅಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 16 ಲಕ್ಷ ಪಟ್ಟಿನಲ್ಲಿ, ಕ್ಯಾಲ್ಸಿಯಂ ಸುಮಾರು ಮೈನಸ್ 248 ಡಿಗ್ರಿ ಸೆಲ್ಸಿಯಸ್, ಅಂದರೆ 25 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಇಷ್ಟು ಒತ್ತಡ ತರಲು ಎರಡು ವಜ್ರಗಳ ತುದಿಗಳ ನಡುವೆ ಸಿಕ್ಕಿಸುವ ಕ್ಯಾಲ್ಸಿಯಂ ಚೂರು ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದು. ಇಂಥದೇ ಭಾರೀ ಒತ್ತಡದಲ್ಲಿ ಸ್ಕ್ಯಾಂಡಿಯಂ ಎಂಬ ಲೋಹ 2023ರಲ್ಲಿ 36 ಕೆಲ್ವಿನ್‌ನಲ್ಲೇ ಅತಿವಾಹಕವಾಗಿದೆ. ಕಾಂತೀಯವಾದ ಕಬ್ಬಿಣ ಅತಿವಾಹಕವಾಗುವುದು ಅಸಾಧ್ಯವೆಂದು ಕಳೆದ ವಾರ ನಾನು ಬರೆದದ್ದು ಮಾತ್ರ ತಪ್ಪು: ಒತ್ತಡದಲ್ಲಿ ಅದರ ಕಾಂತತ್ವ ಅಳಿದು, ಸುಮಾರು 2 ಕೆಲ್ವಿನ್‌ನಲ್ಲಿ ಅದೂ ಅತಿವಾಹಕವಾಗುತ್ತದೆ.