ಆಲೂಗಡ್ಡೆ, ಬಟಾಣಿ ಮಾತಾಡುವ ತಮಾಷೆ ಪುಸ್ತಕ ಇನ್ನೂ ಯಾವುದಿದೆ? ಕನ್ನಡದಲ್ಲಿ ಸಿಗುತ್ತಾ?

ಪುಟ್ಟಿ ಅಮ್ಮ, ಮೈಸೂರು

ಮಗಳಿಗೆ ನಾಲ್ಕೂವರೆ ವರ್ಷ. ಅಕ್ಕನ ಮನೆಯಿಂದ ‘ಸೂಪರ್‌ಟೇಟೊ’ ತಂದಾಗಿನಿಂದ ಬೇರೆ ಕತೆಯೇ ಬೇಡ ಅಂತಾಳೆ. ಸೂಪರ್ ಮಾರ್ಕೆಟ್‌ನ ಫ್ರೀಜರ್‌ನಿಂದ ಒಂದು ಬಟಾಣಿ ತಪ್ಪಿಸಿಕೊಂಡು ಬಂದು ಉಳಿದ ತರಕಾರಿಗಳಿಗೆ ಕಾಟ ಕೊಡುತ್ತೆ. ಮುಖವಾಡ ಕಟ್ಟಿಕೊಂಡ ಆಲೂಗಡ್ಡೆ ಅದನ್ನು ಹಿಡಿಯಲು ಓಡುತ್ತೆ. ಅಷ್ಟೇ ಕತೆ. ಆದರೆ ಬಟಾಣಿ ಇರುವ ಪುಟ ಬಂದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಮೊನ್ನೆ ಪಲಾವ್‌ನಲ್ಲಿ ಒಂದು ಬಟಾಣಿ ಹೆಕ್ಕಿ, "ಸಿಕ್ಕಿಬಿದ್ಯಾ?" ಅಂತ ಗದರಿಸಿ ನುಂಗಿದಳು.

ಇಂಥದ್ದೇ ಬೇರೆ ಏನಿದೆ? ಅಂಗಡಿಯಲ್ಲಿ ಕೇಳಿದರೆ ತರಕಾರಿ ತಿಂದರೆ ಶಕ್ತಿ ಬರುತ್ತೆ ಅನ್ನೋ ಥರದ ಪುಸ್ತಕ ಕೊಟ್ಟರು. ಇವಳು ಎರಡನೇ ಪುಟಕ್ಕೇ ಎದ್ದು ಹೋದಳು.

ಓದುಗುಬ್ಬಿ, ಶಿವಮೊಗ್ಗ

ಎದ್ದು ಹೋಗಿದ್ದು ಸರಿಯಾಗಿಯೇ ಇದೆ! ನಾನು ನಮ್ಮ ಬೀದಿಯ ಮಕ್ಕಳಿಗೆ ಭಾನುವಾರ ಕತೆ ಓದುತ್ತೇನೆ. ಕ್ಯಾರೆಟ್‌ಗೆ ಕಣ್ಣು, ಬಾಯಿ ಬರೆದು ಅದರ ಕೈಲಿ ಬುದ್ಧಿ ಹೇಳಿಸುವ ಪುಸ್ತಕ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತೆ. ನಗು ಬರಬೇಕಾದರೆ ಆ ತಿನಿಸಿನ ಗುಣವೇ ಕತೆಯಾಗಬೇಕು. ನಾನು ಪುಸ್ತಕ ಆರಿಸುವುದು ಇದನ್ನು ನೋಡಿಯೇ.

‘ದಿ ಗುಡ್ ಎಗ್’ ತಗೊಳ್ಳಿ. ಬರೆದವರು ಜೋರಿ ಜಾನ್, ಚಿತ್ರ ಪೀಟ್ ಆಸ್ವಾಲ್ಡ್, ಬಂದಿದ್ದು 2019ರಲ್ಲಿ. ಒಂದು ಡಜನ್ ಮೊಟ್ಟೆಯ ಡಬ್ಬಿ. ಅದರಲ್ಲಿ ಒಂದು ಮಾತ್ರ ಬಹಳ ಒಳ್ಳೆಯದು, ಉಳಿದ ಹನ್ನೊಂದು ತುಂಟ. ಎಲ್ಲರನ್ನೂ ತಿದ್ದಿ ತಿದ್ದಿ ಈ ಪಾಪದ ಮೊಟ್ಟೆಗೆ ಸುಸ್ತಾಗಿ, ತಲೆ ಮೇಲೆ ನಿಜವಾಗಿಯೂ ಬಿರುಕು ಬಿಡುತ್ತೆ. ಮೊಟ್ಟೆಗಲ್ಲದೆ ಇನ್ಯಾರಿಗೆ ಹಾಗಾಗೋಕೆ ಸಾಧ್ಯ ಹೇಳಿ! ಬಿರುಕಿನ ಪುಟ ಬಂದಾಗ ಮಕ್ಕಳು ಬೆರಳಿಟ್ಟು ಮುಟ್ಟಿ ನೋಡುತ್ತಾರೆ. ಮಾತು ಸ್ವಲ್ಪ ಜಾಸ್ತಿ, ಹಾಗಾಗಿ ಈ ವಯಸ್ಸಿಗೆ ಅಲ್ಲಲ್ಲಿ ಬಿಟ್ಟು ಓದಿ. ಇದೇ ಜೋಡಿಯ ‘ದಿ ಬ್ಯಾಡ್ ಸೀಡ್’ (2017) ಒಂದು ಸೂರ್ಯಕಾಂತಿ ಬೀಜದ ಕತೆ, ಅದೂ ಚೆನ್ನಾಗಿದೆ.

ಜಾಸ್ತಿ ಓಟ ಇರೋದು ಬೇಕಾದರೆ ಜಾಶ್ ಫಂಕ್ ಅವರ ‘ಲೇಡಿ ಪ್ಯಾನ್‌ಕೇಕ್ ಅಂಡ್ ಸರ್ ಫ್ರೆಂಚ್ ಟೋಸ್ಟ್’. ಫ್ರಿಜ್ ಒಳಗೆ ಕೊನೆಯ ಒಂದು ತೊಟ್ಟು ಸಿರಪ್‌ಗಾಗಿ ಇಬ್ಬರು ಗೆಳೆಯರ ಪೈಪೋಟಿ. ಇವರು ತಲುಪುವಷ್ಟರಲ್ಲಿ ವಾಫಲ್ ಬಂದು ಅದನ್ನು ಮುಗಿಸಿರುತ್ತೆ. ಇಂಗ್ಲಿಷ್‌ನಲ್ಲಿ ಇಡೀ ಕತೆ ಪ್ರಾಸದಲ್ಲಿದೆ. ಕನ್ನಡದಲ್ಲಿ ಹೇಳುವಾಗ ಪ್ರಾಸ ಬಿಟ್ಟರೂ ಪರವಾಗಿಲ್ಲ, ವೇಗ ಬಿಡಬೇಡಿ.

ಒಂದು ಕೋರಿಕೆ. ಊಟ ಮಾಡಿಸುವ ಹೊತ್ತಿಗೆ ಈ ಪುಸ್ತಕ ತೆಗೆಯಬೇಡಿ. ಅವಳಾಗಿಯೇ ಬಟಾಣಿಯನ್ನು ಗದರಿಸಿ ತಿಂದಳಲ್ಲ, ಅದು ಅವಳ ಆಟ. ನಾವು ಅದನ್ನು ಉಪಾಯ ಮಾಡಿಕೊಂಡರೆ ಮಜಾ ಹೋಗುತ್ತೆ.

ನಗೋಯಾ ಕನ್ನಡಿಗ

ಇಲ್ಲಿ ಜಪಾನಿನಲ್ಲಿ ಪುಟ್ಟ ಮಕ್ಕಳಿಗೆಲ್ಲ ‘ಅನ್‌ಪಾನ್‌ಮ್ಯಾನ್’ ಗೊತ್ತು. ತಲೆಯೇ ಒಂದು ಬನ್. ಒಳಗೆ ನಮ್ಮ ಹೋಳಿಗೆ ಹೂರಣದ ಹಾಗೆ ಕಾಳಿನ ಸಿಹಿ. ಹಸಿದವರು ಸಿಕ್ಕರೆ ಇವನು ತನ್ನ ಮುಖವನ್ನೇ ಮುರಿದು ತಿನ್ನೋಕೆ ಕೊಡುತ್ತಾನೆ. ಆಮೇಲೆ ಜಾಮ್ ಅಂಕಲ್ ಹೊಸ ತಲೆ ಬೇಯಿಸಿ ಕೊಡುತ್ತಾರೆ. ನೀರು ಬಿದ್ದು ಮುಖ ನೆನೆದರೆ ಶಕ್ತಿ ಹೋಯಿತು! ಖಳ ಯಾರು ಗೊತ್ತಾ? ಬೈಕಿನ್‌ಮಾನ್, ಅಂದರೆ ರೋಗಾಣು. ತಕಾಶಿ ಯನಾಸೆ ಅವರ ಚಿತ್ರಪುಸ್ತಕ ಬಂದಿದ್ದು 1973ರಲ್ಲಿ, ಟೀವಿಗೆ ಬಂದಿದ್ದು 1988ರಲ್ಲಿ. ಅವರು ಯುದ್ಧದಲ್ಲಿ ಸೈನಿಕರಾಗಿ ಹಸಿವು ಕಂಡವರು. ಹಸಿದವನಿಗೆ ಅನ್ನ ಕೊಡುವವನೇ ಹೀರೋ ಅನ್ನೋ ಯೋಚನೆ ಅಲ್ಲಿಂದ ಬಂತು. ನನ್ನ ಮಗನಿಗೆ ತಲೆ ಬದಲಾಯಿಸುವ ಜಾಗ ಬಂದರೆ ಕುಣಿಯಬೇಕು ಅನಿಸುತ್ತೆ.

ಕಾಗಿನೆಲೆ ಮೇಷ್ಟ್ರು

ಕನ್ನಡದಲ್ಲಿ ಇದೆಯಾ ಅಂತ ಕೇಳಿದಿರಲ್ಲಮ್ಮ, ನಾನೂರು ವರ್ಷಕ್ಕೂ ಹಿಂದೆಯೇ ಇದೆ. ಕನಕದಾಸರ ‘ರಾಮಧಾನ್ಯ ಚರಿತೆ’. ಅಕ್ಕಿಗೂ ರಾಗಿಗೂ ನಾನು ದೊಡ್ಡವನು, ತಾನು ದೊಡ್ಡವನು ಅಂತ ಜಗಳ, ಅದೂ ಶ್ರೀರಾಮನ ಎದುರಿಗೆ. ಅಕ್ಕಿ ಜಾತಿ, ಜಂಬ ತೋರಿಸುತ್ತದೆ. ರಾಗಿ ಬಿಡುತ್ತದೆಯೇ? ನೀನು ಬಾಣಂತಿಗೆ, ರೋಗಿಗೆ ಪಥ್ಯ, ಹೆಣದ ಬಾಯಿಗೆ ತುತ್ತು ಅಂತ ಜಾಡಿಸುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಸೊರಗಿದೆ, ರಾಗಿ ಗಟ್ಟಿಮುಟ್ಟಾಗಿದೆ. ರಾಗಿಗೆ ಹುಳ ಹಿಡಿಯೋದು ಕಡಿಮೆ ಅನ್ನೋದು ಕಣಜ ತುಂಬಿದ ರೈತರಿಗೆಲ್ಲ ಗೊತ್ತು, ತೀರ್ಪು ಅದರ ಮೇಲೆಯೇ ನಿಂತಿದೆ. ಭಾಮಿನಿ ಷಟ್ಪದಿ ಮಗುವಿಗೆ ಬೇಡ, ಜಗಳವನ್ನು ನಿಮ್ಮ ಮಾತಲ್ಲಿ ಹೇಳಿ.

ಪುಟ್ಟಿ ಅಮ್ಮ, ಮೈಸೂರು

ಮೇಷ್ಟ್ರೇ, ರಾತ್ರಿಯೇ ಹೇಳಿದೆ! ಜೈಲಿನಲ್ಲಿ ಇಬ್ಬರೂ ಏನು ಮಾತಾಡಿಕೊಂಡರು ಅಂತ ಕೇಳುತ್ತಿದ್ದಾಳೆ. ಇದರ ಚಿತ್ರಪುಸ್ತಕ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಓದುಗುಬ್ಬಿ, ಶಿವಮೊಗ್ಗ

ನೀವೇ ಮಾಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡದ ಚಿತ್ರಕತೆಗಳನ್ನು ಉಚಿತವಾಗಿ ಓದಬಹುದು, ನಿಮ್ಮದೇ ಕತೆಯನ್ನೂ ಸೇರಿಸಬಹುದು. ಜೈಲಿನ ಮಾತುಕತೆಯನ್ನು ಅವಳೇ ಹೇಳಲಿ, ನೀವು ಬರೆದುಕೊಳ್ಳಿ. ಅಕ್ಕಿಗೆ ಒಂದು ರೇಷ್ಮೆ ಶಲ್ಯ ಹಾಕಿಸೋದು ಮರೆಯಬೇಡಿ.