ಗಂಡನ ಕೆಲಸಕ್ಕಾಗಿ ಐಂಡ್‌ಹೋವನ್‌ಗೆ: ಅಲ್ಲಿ ಸಂಸಾರ ನಡೆಸುವ ಬಗ್ಗೆ ಕೆಲವು ಪ್ರಶ್ನೆಗಳು

ಪ್ರಶ್ನೆ: ಜಯನಗರದಿಂದ

ನಮಸ್ಕಾರ. ನನ್ನ ಪತಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿದೆ. ಅವರು ಮೊದಲು ಹೋಗಿ ಮನೆ ನೋಡಿಕೊಂಡ ಮೇಲೆ ನಾನೂ ಆರು ವರ್ಷದ ಮಗಳೂ ಹೊರಡುವುದೆಂದು ತೀರ್ಮಾನವಾಗಿದೆ. ಏನೇನು ಕಟ್ಟಿಕೊಂಡು ಹೋಗಬೇಕೆಂಬ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ; ನೆಂಟರಿಷ್ಟರಂತೂ ಸಿಕ್ಕಾಗಲೆಲ್ಲ ಆ ಪಟ್ಟಿಗೆ ಒಂದೊಂದು ಸಾಮಾನು ಸೇರಿಸುತ್ತಲೇ ಇದ್ದಾರೆ. ನನಗೆ ತಿಳಿಯಬೇಕಾದದ್ದು ಅದಲ್ಲ.

ನಾನು ಇಲ್ಲಿ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಬೆಳಿಗ್ಗೆ ಪಾತ್ರೆ ತೊಳೆದು ನೆಲ ಒರೆಸಿ ಹೋಗಲು ಒಬ್ಬರು ಬರುತ್ತಾರೆ, ಶಾಲೆಯಿಂದ ಬಂದ ಮಗಳನ್ನು ಅತ್ತೆಯವರು ನೋಡಿಕೊಳ್ಳುತ್ತಾರೆ, ಹೂವು, ಹಾಲು, ಸೊಪ್ಪು ಎಲ್ಲವೂ ಬಾಗಿಲಿಗೇ ಬರುತ್ತವೆ. ಈ ಏರ್ಪಾಡಿನ ಬಲದಿಂದಲೇ ನಾನು ಸಂಜೆ ಏಳರವರೆಗೆ ಕಚೇರಿಯಲ್ಲಿ ಕೂರಲು ಸಾಧ್ಯವಾಗಿದೆ. ಅಲ್ಲಿ ಇದ್ಯಾವುದೂ ಇರುವುದಿಲ್ಲ, ನನ್ನ ಸಂಬಳವೂ ಇರುವುದಿಲ್ಲ. ಮನೆಗೆಲಸಕ್ಕೆ ನಾನು ಹೆದರುವವಳಲ್ಲ. ಆದರೆ ಕೆಲಸಕ್ಕೆ ಸೇರಿದಂದಿನಿಂದ ನನ್ನ ಖರ್ಚನ್ನು ನಾನೇ ನೋಡಿಕೊಂಡು ಬಂದವಳು ಇನ್ನು ಮೇಲೆ ಒಂದು ಜೊತೆ ಚಪ್ಪಲಿಗೂ ಗಂಡನ ಕಾರ್ಡನ್ನು ಕೇಳಬೇಕಾಗುತ್ತದೆಯೇ ಎಂಬುದು ನಿದ್ದೆ ಕೆಡಿಸುತ್ತಿದೆ. ಅವರು ಕೊಡುವುದಿಲ್ಲವೆಂದಲ್ಲ, ಕೇಳುವುದೇ ನನಗೆ ಆಗದ ಮಾತು.

ಅಲ್ಲಿ ನನಗೆ ಕೆಲಸ ಮಾಡಲು ಅವಕಾಶವಿದೆಯೇ? ಡಚ್ ಭಾಷೆಯ ಗಂಧವೂ ಇಲ್ಲದ ಮಗಳು ಶಾಲೆಗೆ ಹೇಗೆ ಹೊಂದಿಕೊಳ್ಳುತ್ತಾಳೆ? ಅತ್ತೆಯವರನ್ನು ಮುಂದೆ ನಮ್ಮೊಡನೆ ಇಟ್ಟುಕೊಳ್ಳಬಹುದೇ? ಹೋಗಿ ಇದ್ದು ಬಂದವರು ದಯವಿಟ್ಟು ಬರೆಯಿರಿ.

ಉತ್ತರ 1: ಬನಶಂಕರಿಯಿಂದ, ಮೊದಲು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿದ್ದವರು

ನಿಮ್ಮ ನಿದ್ದೆ ಕೆಡಿಸಿದ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಪತಿಯವರು ಹೋಗುತ್ತಿರುವುದು ಹೆಚ್ಚಿನ ಕೌಶಲದ ಉದ್ಯೋಗಿಗಳಿಗೆ ಕೊಡುವ ಪರವಾನಗಿಯ ಮೇಲಾದರೆ, ಅವರ ಸಂಗಾತಿಯಾಗಿ ನಿಮಗೆ ಸಿಗುವ ವಾಸದ ಕಾರ್ಡಿನ ಮೇಲೆಯೇ, ಪ್ರತ್ಯೇಕ ಅನುಮತಿಯಿಲ್ಲದೆ ಯಾವ ಕೆಲಸವನ್ನಾದರೂ ಮಾಡಬಹುದು ಎಂದು ಮುದ್ರಿಸಿರುತ್ತಾರೆ. ಇನ್ನೊಬ್ಬರಲ್ಲಿ ನೌಕರಿಯನ್ನೂ ಮಾಡಬಹುದು, ಸ್ವಂತ ವ್ಯವಹಾರವನ್ನೂ ನಡೆಸಬಹುದು. ಅಮೆರಿಕದ ಕಥೆಗಳನ್ನೇ ಕೇಳಿಕೊಂಡು ಬಂದ ನಮ್ಮ ಮನೆಗಳಲ್ಲಿ ‘ಡಿಪೆಂಡೆಂಟ್ ವೀಸಾ’ ಎಂದೊಡನೆ ಹೆಂಡತಿ ಮನೆಯಲ್ಲಿ ಕೂರುವುದೇ ಸರಿ ಎಂದುಕೊಳ್ಳುತ್ತಾರೆ. ಅಲ್ಲಿನ ಕಾನೂನು ಹಾಗೆ ಹೇಳುವುದಿಲ್ಲ.

ಹಾಗೆಂದು ಕಾನೂನು ತಾನಾಗಿ ಬಂದು ನಿಮ್ಮ ಕೈಗೆ ದುಡ್ಡು ಕೊಡುವುದೂ ಇಲ್ಲ. ಹೋದ ಹೊಸದರಲ್ಲಿ ನಗರಸಭೆಯಲ್ಲಿ ಹೆಸರು ನೋಂದಾಯಿಸಿದಾಗ ಮನೆಯ ಪ್ರತಿಯೊಬ್ಬರಿಗೂ, ಮಗುವಿಗೂ ಸೇರಿ, ಬಿಎಸ್‌ಎನ್ ಎಂಬ ನಾಗರಿಕ ಗುರುತಿನ ಸಂಖ್ಯೆ ಸಿಗುತ್ತದೆ. ಅದು ಬಂದ ಕೂಡಲೇ ನಿಮ್ಮ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆಯನ್ನೂ ಡಿಜಿಡಿ ಎಂಬ ಸರ್ಕಾರಿ ಲಾಗಿನ್ ಅನ್ನೂ ಮಾಡಿಸಿಕೊಳ್ಳಿ. ತೆರಿಗೆ, ವಿಮೆ, ಸಹಾಯಧನ, ನಗರಸಭೆಯ ಕಾಗದ ಪತ್ರ ಎಲ್ಲವೂ ಈ ಡಿಜಿಡಿಯ ಮೂಲಕವೇ ನಡೆಯುತ್ತವೆ. ನಾನು ಕಂಡ ಹಲವು ಮನೆಗಳಲ್ಲಿ ಗಂಡಂದಿರು ಒಳ್ಳೆಯ ಮನಸ್ಸಿನಿಂದಲೇ ‘ನಿನಗೇಕೆ ಈ ತಲೆನೋವು’ ಎಂದು ಎಲ್ಲವನ್ನೂ ತಮ್ಮ ಫೋನಿನಲ್ಲಿ ಇಟ್ಟುಕೊಂಡಿದ್ದರು. ವರ್ಷಗಳು ಕಳೆದರೂ ಆ ಹೆಂಗಸರಿಗೆ ತಮ್ಮ ಮನೆಯ ಬಾಡಿಗೆ ಎಷ್ಟೆಂದು ಗೊತ್ತಿರಲಿಲ್ಲ. ಲೆಕ್ಕಪತ್ರ ಬಲ್ಲ ನೀವು ಮನೆಯ ಲೆಕ್ಕವನ್ನು ಮೊದಲ ತಿಂಗಳಿನಿಂದಲೇ ಕೈಗೆ ತೆಗೆದುಕೊಳ್ಳಿ. ಪ್ರತಿ ತಿಂಗಳು ಇಷ್ಟು ಹಣ ತಾನಾಗಿ ನಿಮ್ಮ ಖಾತೆಗೆ ಬರುವಂತೆ ಹೊರಡುವ ಮುಂಚೆಯೇ ಮಾತಾಡಿಕೊಂಡರೆ ಕೇಳುವ ಪ್ರಸಂಗವೇ ಬರುವುದಿಲ್ಲ. ಅದು ಭಿಕ್ಷೆಯೂ ಅಲ್ಲ, ಉಪಕಾರವೂ ಅಲ್ಲ. ನಿಮ್ಮ ಸಂಬಳ ನಿಲ್ಲುತ್ತಿರುವುದು ಅವರ ಸಂಬಳ ಏರಲೆಂದೇ ಅಲ್ಲವೇ?

ಆರೋಗ್ಯ ವಿಮೆಯೂ ಹಾಗೆಯೇ. ಹದಿನೆಂಟು ದಾಟಿದ ಪ್ರತಿಯೊಬ್ಬರೂ ಹೋದ ನಾಲ್ಕು ತಿಂಗಳೊಳಗೆ ತಮ್ಮದೇ ಪಾಲಿಸಿ ಮಾಡಿಸಬೇಕು. ಮಕ್ಕಳಿಗೆ ಪ್ರೀಮಿಯಂ ಇಲ್ಲ. ವರ್ಷಕ್ಕೆ ಮೊದಲ 385 ಯೂರೋವರೆಗಿನ ಆಸ್ಪತ್ರೆ ಖರ್ಚು ನಮ್ಮದೇ ಆದರೂ, ಬಡಾವಣೆಯ ಕುಟುಂಬ ವೈದ್ಯರನ್ನು ಕಾಣುವುದಕ್ಕೆ ಅದು ಅನ್ವಯಿಸುವುದಿಲ್ಲ. ಆ ವೈದ್ಯರು ಚೀಟಿ ಕೊಡದೆ ತಜ್ಞರು ನೋಡುವುದಿಲ್ಲ, ಅವರೋ ಮಗುವಿಗೆ ಜ್ವರವೆಂದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಿರಿ ಎನ್ನುತ್ತಾರೆ. ಸಂಜೆ ಜ್ವರ ಬಂದರೆ ರಾತ್ರಿಯೊಳಗೆ ಮಕ್ಕಳ ತಜ್ಞರ ಮುಂದೆ ಕೂರುವ ಬೆಂಗಳೂರಿನ ತಾಯಂದಿರಿಗೆ ಇದು ಅರಗಿಸಿಕೊಳ್ಳಲು ಕಷ್ಟ.

ಶಾಲೆಯ ವಿಷಯದಲ್ಲಿ ನಿಮ್ಮ ಮಗಳ ವಯಸ್ಸು ಗಡಿಯಲ್ಲಿದೆ. ಅಲ್ಲಿ ಮಕ್ಕಳು ನಾಲ್ಕು ತುಂಬಿದಾಗ ಶಾಲೆಗೆ ಸೇರುತ್ತಾರೆ, ಐದರಿಂದ ಕಡ್ಡಾಯ. ಇನ್ನೂ ಚಿಕ್ಕವಳಾಗಿದ್ದರೆ ನೇರವಾಗಿ ಪಕ್ಕದ ಶಾಲೆಗೆ ಕಳಿಸಿ, ಆಟದ ನಡುವೆಯೇ ಭಾಷೆ ಬರುತ್ತದೆಂದು ಬಿಡುತ್ತಿದ್ದರು. ಆರು ದಾಟಿದವರನ್ನು ಸಾಮಾನ್ಯವಾಗಿ ಹೊಸದಾಗಿ ಬಂದ ಮಕ್ಕಳ ಭಾಷಾ ತರಗತಿಗೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಡಚ್ ಕಲಿಸಿ, ಆಮೇಲೆ ಎಲ್ಲರ ಜೊತೆಗೆ ಸೇರಿಸುತ್ತಾರೆ. ಸಿರಿಯಾದ ಮಗು, ಪೋಲೆಂಡ್‌ನ ಮಗು, ನಮ್ಮ ಮಗು ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ಯಾರಿಗೂ ಭಾಷೆ ಬಾರದ ಕಾರಣ ಯಾರಿಗೂ ನಾಚಿಕೆಯಿಲ್ಲ. ಹಲವು ಶಾಲೆಗಳಲ್ಲಿ ಬುಧವಾರ ಮಧ್ಯಾಹ್ನವೇ ಮನೆಗೆ ಬಿಡುತ್ತಾರೆ. ಮಧ್ಯಾಹ್ನದ ಡಬ್ಬಿಯೆಂದರೆ ಬ್ರೆಡ್ಡು, ಚೀಸು. ಬಿಸಿ ಚಿತ್ರಾನ್ನ ಕಳಿಸಿದರೆ ಯಾರೂ ತಡೆಯುವುದಿಲ್ಲ, ಆದರೆ ಕೆಲವೇ ದಿನಗಳಲ್ಲಿ ನಿಮ್ಮ ಮಗಳೇ ಬೇಡವೆನ್ನುತ್ತಾಳೆ.

ಒಂದನ್ನು ಮುಂಚೆಯೇ ಮನೆಯ ಹಿರಿಯರಿಗೆಲ್ಲ ಹೇಳಿಬಿಡಿ. ಶಾಲೆ ನಡೆಯುವಾಗ ಅನುಮತಿಯಿಲ್ಲದೆ ಮಗುವನ್ನು ಊರಿಗೆ ಕರೆತಂದರೆ ದಂಡ ಬೀಳುತ್ತದೆ. ದೊಡ್ಡ ರಜೆ ಆರು ವಾರ, ಅದೂ ಜುಲೈ–ಆಗಸ್ಟ್ ಸುಮಾರಿಗೆ. ಏಪ್ರಿಲ್–ಮೇ ತಿಂಗಳ ಮದುವೆಗಳು, ಮಾವಿನಹಣ್ಣು, ತಂಗಿಯ ಮಗುವಿನ ನಾಮಕರಣ ಎಲ್ಲವೂ ನಿಮ್ಮನ್ನು ಬಿಟ್ಟೇ ನಡೆಯುತ್ತವೆ. ನೀವು ಬರುವುದು ಆಷಾಢದಲ್ಲಿ. ನಮ್ಮ ಮನೆಯಲ್ಲಿ ಇದಕ್ಕಾದಷ್ಟು ಬೇಸರ ಇನ್ನಾವುದಕ್ಕೂ ಆಗಲಿಲ್ಲ.

ಮನೆಗೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಅಭ್ಯಾಸವಾಗುತ್ತದೆ. ಬಾಡಿಗೆ ಮನೆ ನೋಡುವಾಗ ಮಾತ್ರ ಪತಿಯವರಿಗೆ ಎಚ್ಚರ ಹೇಳಿ. ಸಜ್ಜುಗೊಳಿಸದ ಮನೆಯೆಂದರೆ ಅಲ್ಲಿ ಬರಿಯ ಕಾಂಕ್ರೀಟ್ ನೆಲ ಎಂದೂ ಆಗಬಹುದು: ನೆಲಹಾಸು, ಪರದೆ, ದೀಪ ಎಲ್ಲವನ್ನೂ ಹಿಂದಿನವರು ಕಿತ್ತುಕೊಂಡು ಹೋಗಿರುತ್ತಾರೆ, ಸೂರಿನಿಂದ ವೈರು ಮಾತ್ರ ನೇತಾಡುತ್ತಿರುತ್ತದೆ. ಇಂಡಕ್ಷನ್ ಒಲೆಯಿದ್ದರೆ ನಿಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ನಡೆಯದು. ಮಿಕ್ಸಿಯನ್ನು ಧಾರಾಳವಾಗಿ ಒಯ್ಯಿರಿ, ವೋಲ್ಟೇಜು ನಮ್ಮದೇ 230. ಪ್ಲಗ್ ಬದಲಿಸಿದರೆ ಸಾಕು.

ಅಲ್ಲಿ ಸಂಜೆ ಆರಕ್ಕೆಲ್ಲ ಊಟದ ಹೊತ್ತು, ಗಂಡಂದಿರೂ ಅಷ್ಟರಲ್ಲಿ ಮನೆಗೆ ಬಂದಿರುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ನೆಪ ಅಲ್ಲಿಲ್ಲ. ನಿಮಗೆ ಕೆಲಸ ಸಿಗುವ ಮುಂಚೆಯೇ, ಮೊದಲ ವಾರದಿಂದಲೇ, ಯಾವ ಕೆಲಸ ಯಾರದೆಂದು ಹಂಚಿಕೊಳ್ಳಿ. ‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂದು ಆರು ತಿಂಗಳು ಎಲ್ಲವನ್ನೂ ಮಾಡಿಬಿಟ್ಟರೆ, ಕೆಲಸ ಸಿಕ್ಕ ಮೇಲೂ ಅದು ನಿಮ್ಮ ತಲೆಯ ಮೇಲೆಯೇ ಉಳಿಯುತ್ತದೆ. ಅಲ್ಲಿ ವಾರಕ್ಕೆ ಮೂರು, ನಾಲ್ಕು ದಿನದ ಉದ್ಯೋಗ ಬಹಳ ಸಾಮಾನ್ಯ, ಅದನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಇಬ್ಬರೂ ದುಡಿಯುತ್ತಿದ್ದರೆ ಶಾಲೆಯ ನಂತರದ ಆರೈಕೆಯ ಖರ್ಚಿನಲ್ಲಿ ಒಂದು ಭಾಗವನ್ನು ಸರ್ಕಾರ ಕೊಡುತ್ತದೆ.

ಉತ್ತರ 2: ಕ್ಯಾಲಿಫೋರ್ನಿಯಾದಿಂದ, ತವರು ರಾಜಾಜಿನಗರ

ಮೇಲಿನವರು ಅಮೆರಿಕದ ಕಥೆಗಳೆಂದು ಬರೆದಿರುವುದರಿಂದ, ಆ ಕಥೆಯೊಳಗಿರುವ ನಾನೂ ಎರಡು ಮಾತು ಸೇರಿಸುತ್ತೇನೆ. ಇಲ್ಲಿ ಉದ್ಯೋಗಕ್ಕೆ ಬಂದವರ ಸಂಗಾತಿಗೆ ಕೊಡುವ ಎಚ್-4 ವೀಸಾದ ಮೇಲೆ ಬಂದ ಹೆಂಡತಿ ಓದಬಹುದು, ದುಡಿಯುವಂತಿಲ್ಲ. 2015ರ ಮೇ ತಿಂಗಳಿನಿಂದ ಕೆಲವರಿಗೆ ಕೆಲಸದ ಅನುಮತಿ ಸಿಗುತ್ತಿದೆ, ಆದರೆ ಅದಕ್ಕೆ ಮುಖ್ಯವಾಗಿ ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಎಂಬ ಹಂತ ಮಂಜೂರಾಗಿರಬೇಕು. ಅಲ್ಲಿಯವರೆಗೆ ಸೋಷಿಯಲ್ ಸೆಕ್ಯುರಿಟಿ ಎಂಬ ಇಲ್ಲಿನ ಗುರುತಿನ ಸಂಖ್ಯೆಯೂ ಸಿಗುವುದಿಲ್ಲ. ಬ್ಯಾಂಕು, ಫೋನು, ಬಾಡಿಗೆ ಎಲ್ಲದರಲ್ಲೂ ಗಂಡನ ಹೆಸರಿನ ಬಾಲವಾಗಿ ಇರಬೇಕು. ಮಿಕ್ಸಿಯೂ ಇಲ್ಲಿನ 120 ವೋಲ್ಟಿಗೆ ತಿರುಗುವುದಿಲ್ಲ, ಬೇರೆಯದೇ ಕೊಳ್ಳಬೇಕು.

ನಾನು ಆ ಅವಧಿಯನ್ನು ಕಳೆದದ್ದು ಸಮುದಾಯ ಕಾಲೇಜಿನ ತರಗತಿಗಳಲ್ಲಿ ಮತ್ತು ಕನ್ನಡ ಕೂಟದ ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲಿ. ನಿಮಗೆ ಹೋದ ದಿನದಿಂದಲೇ ದುಡಿಯುವ ಹಕ್ಕಿದೆ. ‘ಮಗಳು ಹೊಂದಿಕೊಳ್ಳಲಿ, ಆಮೇಲೆ ನೋಡೋಣ’ ಎಂದು ಮುಂದೂಡಬೇಡಿ ಎಂಬುದಷ್ಟೇ ನನ್ನ ಕೋರಿಕೆ. ಮಕ್ಕಳು ತಾಯಂದಿರಿಗಿಂತ ಬೇಗ ಹೊಂದಿಕೊಳ್ಳುತ್ತಾರೆ.

ಉತ್ತರ 3: ಮಲ್ಲೇಶ್ವರದಿಂದ, ಅಜ್ಜಿ

ಅತ್ತೆಯವರ ಪ್ರಶ್ನೆಗೆ ನಾನು ಉತ್ತರಿಸಬಹುದು, ಏಕೆಂದರೆ ಮಗಳ ಬಾಣಂತನಕ್ಕೆಂದು ಅದೇ ದೇಶಕ್ಕೆ ಹೋಗಿ ಬಂದವಳು ನಾನು. ನಮ್ಮಂಥವರಿಗೆ ಸಿಗುವುದು ಷೆಂಗೆನ್ ಭೇಟಿ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ. ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ, ಕನಿಷ್ಠ 30,000 ಯೂರೋಗಳ ಪ್ರಯಾಣ ವಿಮೆ ಬೇಕು. ವಯಸ್ಸಾದ ತಂದೆತಾಯಿಯರನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಆಸೆಯನ್ನು ಅಲ್ಲಿ ಇಟ್ಟುಕೊಳ್ಳದಿರುವುದೇ ವಾಸಿ.

ಆ ಊರಿನ ಹೆಂಗಸರ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ್ದು ಬಾಣಂತಿಯ ಮನೆಗೇ ಬರುವ ದಾದಿ. ಹೆರಿಗೆಯಾದ ಮೇಲೆ ಸುಮಾರು ಒಂದು ವಾರ ದಿನವೂ ಕೆಲವು ಗಂಟೆ ಮನೆಯಲ್ಲಿದ್ದು, ತಾಯಿಯ ಹೊಲಿಗೆ ನೋಡಿ, ಮಗುವನ್ನು ತೂಗಿ, ಹಾಲು ಕುಡಿಸುವುದನ್ನು ಕಲಿಸಿ, ಬಟ್ಟೆಯನ್ನೂ ಒಗೆಯಲು ಹಾಕಿ ಹೋಗುತ್ತಾಳೆ. ಖರ್ಚಿನ ಬಹುಪಾಲು ವಿಮೆಯದು. ಅವಳಿಗೆ ಸೊಂಟ ನೋಯಬಾರದೆಂದು ಬಾಣಂತಿಯ ಮಂಚವನ್ನು ಕಾಲಿಗೆ ದಿಮ್ಮಿ ಕೊಟ್ಟು 80 ಸೆಂಟಿಮೀಟರ್ ಎತ್ತರಕ್ಕೆ ಏರಿಸಬೇಕೆಂಬುದು ಅಲ್ಲಿನ ನಿಯಮ. ನಾನು ಏಣಿ ಹತ್ತಿದಂತೆ ಹತ್ತಿ ಮೊಮ್ಮಗಳನ್ನು ಎತ್ತಿಕೊಳ್ಳುತ್ತಿದ್ದೆ. ನಮ್ಮಿಬ್ಬರ ನಡುವೆ ತಕರಾರು ಕಿಟಕಿಯದು: ನಾನು ಮುಚ್ಚುವುದು, ಅವಳು ಗಾಳಿ ಬೇಕೆಂದು ತೆರೆಯುವುದು. ಎಣ್ಣೆ ನೀರಾದ ಮೇಲೆ ಸಾಂಬ್ರಾಣಿ ಹಾಕಿದ್ದೇ ತಡ, ಸೂರಿನ ಹೊಗೆ ಗಂಟೆ ಬಡಿದುಕೊಂಡಿತು. ಅವಳು ಓಡಿ ಬಂದು ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿ, ಸಾಂಬ್ರಾಣಿಯನ್ನು ಮೂಸಿ ನೋಡಿ ಚೆನ್ನಾಗಿದೆ ಎಂದಳು. ಸೋಂಪಿನ ಸಕ್ಕರೆ ಹಚ್ಚಿದ ರಸ್ಕನ್ನು ಮಗು ನೋಡಲು ಬಂದವರಿಗೆಲ್ಲ ಕೊಡುವುದನ್ನು ಅವಳಿಂದ ಕಲಿತೆ, ಅವಳಿಗೆ ಮೆಂತ್ಯದ ಉಂಡೆ ತಿನ್ನಿಸಿದೆ.

ಅತ್ತೆಯವರನ್ನು ಕರೆಸಿಕೊಳ್ಳುವುದಾದರೆ ಚಳಿಗಾಲದಲ್ಲಿ ಬೇಡ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಮಾತಿಗೆ ಜನವಿಲ್ಲ, ನಮ್ಮ ವಯಸ್ಸಿನವರಿಗೆ ಅದು ತಡೆಯದು. ಮೇ ತಿಂಗಳಲ್ಲಿ ಕರೆಸಿಕೊಳ್ಳಿ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಿಂಗಳ ಹಣದ ಮಾತನ್ನು ಇವತ್ತೇ ಪತಿಯವರ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಷ್ಟೆಂದು ನೀನೇ ಲೆಕ್ಕ ಹಾಕು ಎಂದರು. ಇನ್ನು ಉಳಿದಿರುವುದು ಕಾಗದಪತ್ರ ಮತ್ತು ಅತ್ತೆಯವರು ಕೇಳಿದ ಪ್ರಶ್ನೆ: ಕರಿಬೇವು, ಮನೆಯ ತುಪ್ಪ ಒಯ್ಯಬಹುದೇ?

ಉತ್ತರ 1 ಬರೆದವರು

ಎರಡೂ ಆಗುವುದಿಲ್ಲ. ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಯುರೋಪಿನ ಒಕ್ಕೂಟದೊಳಕ್ಕೆ ಪ್ರಯಾಣಿಕರು ತರುವಂತಿಲ್ಲ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ಹಣ್ಣುಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್‌ಗಳಿಗೆ ಮಾತ್ರ ವಿನಾಯಿತಿ. ತುಪ್ಪವನ್ನು ಅಲ್ಲಿನ ಉಪ್ಪಿಲ್ಲದ ಬೆಣ್ಣೆಯಿಂದ ಕಾಯಿಸಿಕೊಳ್ಳಿ, ಘಮ ಚೆನ್ನಾಗಿಯೇ ಬರುತ್ತದೆ. ಸಾರಿನ ಪುಡಿ, ಹುಳಿಪುಡಿಗೆ ತೊಂದರೆಯಿಲ್ಲ. ದೋಸೆ ಹಿಟ್ಟನ್ನು ದೀಪ ಮಾತ್ರ ಹಚ್ಚಿದ ಓವನ್ನಿನೊಳಗಿಟ್ಟರೆ ಚಳಿಗಾಲದಲ್ಲೂ ಹುದುಗುತ್ತದೆ.

ಕಾಗದಪತ್ರದ ಕೆಲಸವನ್ನು ಇದಕ್ಕಿಂತ ಮೊದಲು ಮುಗಿಸಿ. ಮದುವೆಯನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿರದಿದ್ದರೆ ಛತ್ರದ ಫೋಟೋ, ಲಗ್ನಪತ್ರಿಕೆ ಇದ್ದರೂ ಅಲ್ಲಿ ನಡೆಯದು. ವಿವಾಹ ಪ್ರಮಾಣಪತ್ರಕ್ಕೂ ಮಗಳ ಜನನ ಪ್ರಮಾಣಪತ್ರಕ್ಕೂ ರಾಜ್ಯ ಮಟ್ಟದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟೈಲ್ (ಹೊರದೇಶದಲ್ಲಿ ಒಪ್ಪುವ ದೃಢೀಕರಣ ಮುದ್ರೆ) ಬೇಕು. ಮಗಳ ಪ್ರಮಾಣಪತ್ರದಲ್ಲಿ ಅವಳ ಹೆಸರು ಸೇರಿದೆಯೇ, ಬರೀ ‘ಹೆಣ್ಣು ಮಗು’ ಎಂದಷ್ಟೇ ಇದೆಯೇ ಎಂದು ಇವತ್ತೇ ತೆಗೆದು ನೋಡಿ. ಲಸಿಕೆಯ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಳ್ಳಿ. ಇಲ್ಲಿನ ನಿಮ್ಮ ಉಳಿತಾಯ ಖಾತೆಯನ್ನು ಮುಚ್ಚಬೇಡಿ. ಅನಿವಾಸಿಯಾದ ಮೇಲೆ ಅದನ್ನು ಎನ್‌ಆರ್‌ಓ ಖಾತೆಯಾಗಿ ಬದಲಿಸಬೇಕೆಂಬುದು ನಿಯಮ, ಅರ್ಜಿ ನಮೂನೆಯನ್ನು ಈಗಲೇ ತಂದಿಟ್ಟುಕೊಳ್ಳಿ. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಹಣ ಕಟ್ಟುತ್ತಾ ಹೋಗಬಹುದು, ಹೊಸದಾಗಿ ತೆರೆಯುವಂತಿಲ್ಲ.