36ಬಿ ಬ್ರಾ ಹಾಕಿದರೂ ಪಟ್ಟಿ ಬೆನ್ನ ಮೇಲೇರುತ್ತೆ, 38 ತಗೊಳ್ಳಲಾ?

ಕಾಲೇಜಿನಿಂದಲೂ ನನ್ನದು 36ಬಿ. ಅಮ್ಮ ಹೇಳಿದ ಸೈಜು, ಯಾರೂ ಅಳೆದಿಲ್ಲ. ಕಪ್ ಸರಿಯಾಗಿದೆ. ಆದರೆ ಬಸ್ಸಿನಲ್ಲಿ ಕೈಯೆತ್ತಿ ಕಂಬಿ ಹಿಡಿದರೆ ಸಾಕು, ಹಿಂದಿನ ಪಟ್ಟಿ ಮೇಲೇರುತ್ತದೆ. ಸ್ಟ್ರಾಪ್ ಬಿಗಿ ಮಾಡಿ ಮಾಡಿ ಭುಜದಲ್ಲಿ ಗೆರೆ ಬಿದ್ದಿದೆ. ಅಂಗಡಿಯವನನ್ನು ಕೇಳೋಕೆ ಮುಜುಗರ.

ಉತ್ತರ 1: ಅಯ್ಯೋ, 38 ಬೇಡ! ಪಟ್ಟಿ ಸಡಿಲವಾದರೇ ಮೇಲೇರುವುದು. ಎದೆಯ ಕೆಳಗೆ ಟೇಪು ಬಿಗಿಯಾಗಿ ಸುತ್ತಿ ಅಳೆಯಿರಿ. ಆಮೇಲೆ ಎದೆ ತುಂಬಿದ ಕಡೆ, ಸಡಿಲವಾಗಿ.

ಕೇಳಿದವಳು: ಅಳೆದೆ. ಕೆಳಗೆ 32 ಇಂಚು, ಮೇಲೆ 36.

ಉತ್ತರ 1: ಕೆಳಗಿನ 32 ಪಟ್ಟಿಯ ಸೈಜು, ನಾಲ್ಕು ಇಂಚು ವ್ಯತ್ಯಾಸ ಅಂದ್ರೆ ಕಪ್ ಡಿ. ನಿಮ್ಮದು 32ಡಿ. ಡಿ ಅಂತ ಗಾಬರಿಯಾಗಬೇಡಿ, ನಾನೂ ಆಗಿದ್ದೆ! 36ಬಿ, 34ಸಿ, 32ಡಿ ಮೂರರ ಕಪ್ಪೂ ಹೆಚ್ಚುಕಡಿಮೆ ಒಂದೇ, ಪಟ್ಟಿ ಮಾತ್ರ ಬೇರೆ. ಭಾರ ಹೊರಬೇಕಾದ್ದು ಪಟ್ಟಿ, ಸ್ಟ್ರಾಪ್ ಅಲ್ಲ.

ಉತ್ತರ 2: ಹೊಸದನ್ನು ತೀರಾ ಹೊರಗಿನ ಹುಕ್ಕಿಗೆ ಹಾಕಿ ನೋಡಿ. ಒಗೆದು ಒಗೆದು ಹಿಗ್ಗುತ್ತೆ, ಆಗ ಒಳಗಿನ ಹುಕ್ಕು ಬೇಕಲ್ವಾ?

ಕೇಳಿದವಳು: 32ಡಿ ಸಿಗಲಿಲ್ಲ, 34ಸಿ ತಂದೆ. ಇವತ್ತು ಬಸ್ಸಿನಲ್ಲಿ ನಿಂತೇ ಬಂದೆ. ಪಟ್ಟಿ ಅಲ್ಲಾಡಲಿಲ್ಲ!